ಬಿಬವೇವಾಡಿಯ ಬಾಲ್ಕನಿಯಿಂದ: ಬರಲಿರುವ ಎಲೆಗಳು



ಎಲೆ ಎಂದೊಡನೆ ತಮ್ಮಲ್ಲಿ ಕೆಲವರಿಗೆ ವೀಳ್ಯದೆಲೆ ನೆನಪಾಗಬಹುದು, ಕೆಲವರಿಗೆ ಊಟದ ಎಲೆ. ಇನ್ನು ಕೆಲವರಿಗೆ (ಹೆಸರು ಹೇಳುವುದಿಲ್ಲ, ಪ್ರವಾಸದ ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿಯುವವರು ಎಂದರೆ ಸಾಕು) ಇಸ್ಪೀಟಿನ ಎಲೆ. ನಾನು ಈ ಸಲ ಬರೆಯಹೊರಟಿರುವ ಎಲೆ ಇವು ಮೂರರಲ್ಲಿ ಯಾವುದೂ ಅಲ್ಲ. ಅದು ಇನ್ನೂ ಅಂಗಡಿಗೆ ಬಂದಿರುವುದಿಲ್ಲ, ಯಾರ ಕೈಯಲ್ಲೂ ಇರುವುದಿಲ್ಲ, ಆದರೆ ಮನೆಯಲ್ಲಿ ಅದರದೇ ಮಾತು. ಮೊಮ್ಮಕ್ಕಳಿರುವವರಿಗೆ ಈ ಎಲೆ ಯಾವುದೆಂದು ಈಗಾಗಲೇ ಹೊಳೆದಿರಬೇಕು.

2025ರ ನವರಾತ್ರಿಯ ಒಂದು ಸಂಜೆ. ನಾನು ಬಾಲ್ಕನಿಯಲ್ಲಿ ಕುಳಿತು ಮಾರ್ಕೆಟ್ ಯಾರ್ಡಿನಿಂದ ತಂದ ಅವರೇಕಾಯಿ ಸುಲಿಯುತ್ತಿದ್ದೆ. ಐದನೆಯ ತರಗತಿಯ ನಮ್ಮ ಮೊಮ್ಮಗ ಅವರ ಅಮ್ಮನ ಮೊಬೈಲು ಹಿಡಿದುಕೊಂಡು ಓಡಿ ಬಂದ.

"ಅಜ್ಜಾ! ಮೆಗಾ ಚಾರಿಜಾರ್ಡ್ ಬರಲಿಕ್ಕತ್ತದ!"

"ಬರಲಿ ತಮ್ಮಾ. ಯಾವಾಗ? ಸ್ವಾರಗೇಟಿಗೋ, ಸ್ಟೇಷನ್ನಿಗೋ?"

ನಮ್ಮ ಹುಡುಗ ಬೇಸರವಾದಾಗ ಮರಾಠಿಗೆ ಇಳಿಯುತ್ತಾನೆ. "ಅರೇ ಆಜೋಬಾ!" ಎಂದು ಹಣೆ ಚಚ್ಚಿಕೊಂಡು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. ಕಪ್ಪು ಮೈಯ, ನೀಲಿ ಬೆಂಕಿ ಉಗುಳುವ ಒಂದು ರೆಕ್ಕೆಯ ಪ್ರಾಣಿ. ಪೋಕೆಮಾನ್ ಎಂಬ ಆಟದ ಹೊಸ ಎಲೆ. ಜಪಾನಿನಲ್ಲಿ ಸೆಪ್ಟೆಂಬರ್ 26ಕ್ಕೆ, ಇಂಗ್ಲಿಷಿನಲ್ಲಿ ನವೆಂಬರ್ 14ಕ್ಕೆ. "ಮಕ್ಕಳ ದಿನಕ್ಕೇ ಬರ್ತದ ಅಜ್ಜಾ. ಅವತ್ತು ಕೊಡಸ್ತೀಯಲ್ಲ?" ದಿನಾಂಕವನ್ನು ಕಂಪನಿಯವರು ನೆಹರೂ ಅವರನ್ನು ನೆನೆದು ಇಟ್ಟಿರಲಾರರು. ಆದರೆ ಮೊಮ್ಮಗನ ವಾದಕ್ಕೆ ಅದು ಚೆನ್ನಾಗಿ ಒದಗಿತು.

ಆಟವನ್ನು ಕಾಣದವರಿಗೆ ಎರಡು ಮಾತು. ಇಸ್ಪೀಟಿನಲ್ಲಿ 52 ಎಲೆ, ಒಂದು ಕಟ್ಟನ್ನು ಎಲ್ಲರೂ ಹಂಚಿಕೊಂಡು ಆಡುತ್ತೇವೆ. ಇದರಲ್ಲಿ ಹಾಗಲ್ಲ. ಸಾವಿರಾರು ಬಗೆಯ ಎಲೆಗಳಿಂದ ಪ್ರತಿಯೊಬ್ಬ ಆಟಗಾರನೂ ತನಗೆ ಬೇಕಾದ 60 ಎಲೆಯ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಎಲೆಗಳು ಮುಚ್ಚಿದ ಪೊಟ್ಟಣದಲ್ಲಿ ಬರುತ್ತವೆ, ಒಳಗೆ ಯಾವುದಿದೆಯೋ ಒಡೆದ ಮೇಲೆಯೇ ತಿಳಿಯುವುದು. ಈ ಬಗೆಯ ಆಟಕ್ಕೆ ದಾರಿ ಹಾಕಿದವನು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ. 1993ರಲ್ಲಿ ಹೊರಬಂದ ಅವನ 'ಮ್ಯಾಜಿಕ್' ಆಟವೇ ಮೊದಲನೆಯದು. ಪೋಕೆಮಾನ್ ಎಲೆಗಳು 1996ರಲ್ಲಿ ಜಪಾನಿನಲ್ಲಿ, 1999ರಲ್ಲಿ ಇಂಗ್ಲಿಷಿನಲ್ಲಿ ಬಂದವು. ಗಣಿತದವನು ಕೈ ಹಾಕಿದ ಮೇಲೆ ಕೇಳಬೇಕೆ! ಆಟ ಎಂದೂ ಮುಗಿಯದಂತೆ ಲೆಕ್ಕ ಹಾಕಿದ್ದಾನೆ. ಕೆಲವು ತಿಂಗಳಿಗೊಮ್ಮೆ ಹೊಸ ಎಲೆಗಳ ಕಂತು, ಅದಕ್ಕೂ ವಾರಗಟ್ಟಲೆ ಮೊದಲೇ ದಿನಕ್ಕೆ ಒಂದೋ ಎರಡೋ ಎಲೆಯ ದರ್ಶನ. ಮಕ್ಕಳು ಇದಕ್ಕೆ 'ಪ್ರಿವ್ಯೂ' ಎನ್ನುತ್ತಾರೆ, ತುಸು ದೊಡ್ಡವರು 'ಸ್ಪಾಯ್ಲರ್' ಎನ್ನುತ್ತಾರೆ. ಎರಡನೆಯ ಹೆಸರೇ ಸರಿ ಎಂದು ನಮ್ಮ ಸೊಸೆಯ ಅಭಿಪ್ರಾಯ.

ಚಿತ್ರ ಕೂಡಿಸುವ ಹುಚ್ಚು ನಮಗೂ ಇತ್ತು. ಧಾರವಾಡದಲ್ಲಿ ನಾನು ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದೆ. ನಾವು ಬಿಬವೇವಾಡಿಗೆ ಬಂದ ಮೇಲೆ ನನ್ನ ಮಗ 'ಬಿಗ್ ಫನ್' ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳಿಗಾಗಿ ದವಡೆ ನೋಯುವಷ್ಟು ಅಗಿದ. ಆಮೇಲೆ ಡಬ್ಲ್ಯೂ ಡಬ್ಲ್ಯೂ ಎಫ್ ಕುಸ್ತಿಯವರ ಟ್ರಂಪ್ ಕಾರ್ಡು ಬಂದವು. ಯಾರ ಎದೆ ಎಷ್ಟು ಅಂಗುಲ, ಯಾರ ತೂಕ ಎಷ್ಟು ಎಂಬುದು ಅವನಿಗೆ ಕೋಷ್ಟಕಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಆದರೆ ಓದುಗರೇ, ಮುಂದಿನ ತಿಂಗಳು ಯಾವ ಚಿತ್ರ ಬರುತ್ತದೆಂದು ಬೆಂಕಿಪೊಟ್ಟಣದವರು ನನಗೆ ಒಂದೂವರೆ ತಿಂಗಳು ಮೊದಲೇ ಡಂಗುರ ಸಾರುತ್ತಿರಲಿಲ್ಲ. ಸಿಕ್ಕಿದ ಮೇಲೆ ಆಸೆ ಹುಟ್ಟುತ್ತಿತ್ತು. ಈಗ ಮೊದಲು ಆಸೆ, ಆಮೇಲೆ ವಸ್ತು. ನಡುವೆ ಅಜ್ಜ.

ಹಾಗೆಂದು ನಾನು ಒಮ್ಮೆಲೇ ಬೈದು ಕಳಿಸಲಿಲ್ಲ. ಅವನ ಕೈಯಿಂದಲೇ ಓದಿಸಿ ಕೇಳಿದೆ. ಕೇಳುತ್ತ ಹೋದಂತೆ ಒಂದು ಸಂಗತಿ ಗೊತ್ತಾಯಿತು. ಇಂಗ್ಲಿಷಿನ ಎಲೆಗಳು ಬಹುಮಟ್ಟಿಗೆ ಜಪಾನಿನ ಎಲೆಗಳ ಬೆನ್ನು ಹಿಡಿದೇ ಬರುತ್ತವೆ. 'ಮೆಗಾ ಬ್ರೇವ್', 'ಮೆಗಾ ಸಿಂಫೋನಿಯಾ' ಎಂಬ ಎರಡು ಕಂತು ಜಪಾನಿನಲ್ಲಿ 2025ರ ಆಗಸ್ಟ್ 1ಕ್ಕೆ ಬಂದವು. ಇಂಗ್ಲಿಷಿನ 'ಮೆಗಾ ಎವಲ್ಯೂಷನ್' ಬಂದದ್ದು ಸೆಪ್ಟೆಂಬರ್ 26ಕ್ಕೆ. ಅದೇ ದಿನ ಅಲ್ಲಿ 'ಇನ್ಫರ್ನೋ ಎಕ್ಸ್' ಎಂಬ ಮುಂದಿನ ಕಂತು, ಅದೇ ಇಲ್ಲಿಗೆ ನವೆಂಬರಿನಲ್ಲಿ 'ಫ್ಯಾಂಟಾಸ್ಮಲ್ ಫ್ಲೇಮ್ಸ್' ಎಂಬ ಹೆಸರಿನಲ್ಲಿ. ಎಂದರೆ ಇಂಗ್ಲಿಷಿನ ಎಲೆ ಅಂಗಡಿಗೆ ಬರುವ ಹೊತ್ತಿಗೆ ಜಪಾನಿನ ಮಕ್ಕಳು ಆ ಎಲೆಯನ್ನು ಆಡಿ, ಸೋತು, ಗೆದ್ದು ಮುಗಿಸಿರುತ್ತಾರೆ. ಕಾದು ನೋಡುವವನಿಗೆ ಏಳೆಂಟು ವಾರದ ಪುಕ್ಕಟೆ ಅನುಭವ ಇದೆ. ಮುಂಗಡ ಹಣ ಕಟ್ಟುವವನಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಸಂಗತಿ ತಿಳಿದಾಗ ನನಗೆ ನಿಜವಾಗಿ ಸಮಾಧಾನವಾಯಿತು. ಪ್ರಿವ್ಯೂದಲ್ಲಿ ಮಿರುಗುವ ಆ ದೊಡ್ಡ ಚಿತ್ರದ ಎಲೆ ಇದೆಯಲ್ಲ, ಅದರದೇ ಸಾದಾ ಚಿತ್ರದ ಎಲೆಯೂ ಅದೇ ಕಂತಿನಲ್ಲಿ ಇರುತ್ತದೆ. ಹೆಸರು ಅದೇ, ಶಕ್ತಿ ಅದೇ, ಆಟದಲ್ಲಿ ಕೆಲಸ ಅದೇ. ಬೆಲೆಯಲ್ಲಿ ಮಾತ್ರ ರೇಶಿಮೆ ಸೀರೆಗೂ ನೂಲಿನ ಸೀರೆಗೂ ಇರುವಷ್ಟು ಅಂತರ. ಆಡುವವನಿಗೆ ನೂಲಿನದು ಸಾಕು. ಇಷ್ಟು ಗೊತ್ತಾದರೆ ಅಜ್ಜಂದಿರ ಪಿಂಚಣಿಗೆ ಅರ್ಧ ರಕ್ಷಣೆ ಸಿಕ್ಕಂತೆ.

ಇನ್ನು ನಡುವೆ ನಡೆದ ಒಂದು ಕೆಟ್ಟ ಘಟನೆಯನ್ನು ಹೇಳಬೇಕು.

ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ಹುಡುಗನಿದ್ದಾನೆ. ನಮ್ಮವನ ವಯಸ್ಸೇ, ಮರಾಠಿ ಮನೆ. ತಂದೆ ಮಾರ್ಕೆಟ್ ಯಾರ್ಡಿನಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರೂ ಬಾಲವಾಡಿಯಿಂದ ಜೊತೆ. ಆ ಹುಡುಗನ ಹತ್ತಿರವೂ ಎಲೆಗಳಿದ್ದವು, ನಮ್ಮವನಿಗಿಂತ ಹೆಚ್ಚೇ ಇದ್ದವು. ಎಲ್ಲ ಬಂಗಾರದ ಬಣ್ಣದವು, ಥಳಥಳ ಹೊಳೆಯುವಂಥವು. ಶಾಲೆಯ ಹತ್ತಿರದ ಸ್ಟೇಷನರಿ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಸಿಗುತ್ತವೆ, ತಾವೂ ಕಂಡಿರಬಹುದು. ಗಣಪತಿ ಹಬ್ಬದಲ್ಲಿ ಅತ್ತೆ ಮಾವಂದಿರು ಕೊಟ್ಟ ಹಣವನ್ನೆಲ್ಲ ಕೂಡಿಸಿ ಅವನು ಅವನ್ನು ಕೊಂಡಿದ್ದ.

ನಮ್ಮವನು ಆ ವೇಳೆಗೆ ಅಸಲಿ, ನಕಲಿ ಗುರುತಿಸುವುದನ್ನು ಕಲಿತಿದ್ದ. ಅಸಲಿ ಎಲೆಯ ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಬಿಳಿ ಪದರದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಬೆನ್ನಿನ ನೀಲಿ ಬಣ್ಣ ಒಂದೇ ಹದದಲ್ಲಿರುತ್ತದೆ, ಅಕ್ಷರ ತಪ್ಪಿರುವುದಿಲ್ಲ. ಇಡೀ ಕಟ್ಟೇ ಬಂಗಾರದ ಬಣ್ಣದ್ದಾಗಿದ್ದರೆ ಅಂಚು ನೋಡುವ ಕೆಲಸವೂ ಇಲ್ಲ, ನಕಲಿಯೇ. ಈ ಪಾಂಡಿತ್ಯವನ್ನೆಲ್ಲ ನಮ್ಮವನು ನಮ್ಮ ಜಿನೆಯ ಮೇಲೆ, ಇನ್ನೂ ನಾಲ್ಕು ಹುಡುಗರ ಎದುರಿಗೆ, ಗೆಳೆಯನ ಎಲೆಗಳ ಮೇಲೆ ಪ್ರಯೋಗಿಸಿದ. "ತುಝೇ ಸಗಳೇ ನಕಲೀ ಆಹೇತ್" ಎಂದ. ನಿನ್ನವೆಲ್ಲ ನಕಲಿ. ಆ ಹುಡುಗ ಏನೂ ಮಾತಾಡಲಿಲ್ಲವಂತೆ. ಎಲೆಗಳನ್ನು ಡಬ್ಬಿಗೆ ಹಾಕಿಕೊಂಡು ಕೆಳಗಿಳಿದು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ನಮ್ಮವನು ಹೇಳಿದ್ದು ಸುಳ್ಳಲ್ಲ. ಆದ್ದರಿಂದ ಬೈಯುವುದೂ ಕಷ್ಟವಾಯಿತು. ನಮ್ಮ ಮನೆಯವರು ಮಾತ್ರ ಚಪಾತಿ ಲಟ್ಟಿಸುತ್ತ, "ಖರೇ ಹೇಳ್ಳಿಕ್ಕೆ ನಾಕು ಮಂದಿ ಯಾಕ ಬೇಕಿತ್ತು?" ಎಂದು ಒಂದೇ ಮಾತು ಕೇಳಿದರು. ಹುಡುಗ ತಲೆ ತಗ್ಗಿಸಿದ.

ಹೀಗೆ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯ ಸ್ಥಿತಿ ಏನಾಯಿತೆಂದರೆ, ಹೊಸ ಎಲೆ ಬರುವ ದಿನ ಗೊತ್ತು, ಅದರ ಶಕ್ತಿ ಗೊತ್ತು, ಬೆಲೆ ಗೊತ್ತು. ಎದುರಿಗೆ ಕೂತು ಆಡುವವನು ಇಲ್ಲ.

ಇಲ್ಲಿ ನನಗೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾಗುತ್ತಾರೆ. ನಗಬೇಡಿ, ಸಂಬಂಧವಿದೆ. ಇಸ್ಪೀಟು ಬರುವ ಮೊದಲು ನಮ್ಮಲ್ಲಿ ಗಂಜೀಫಾ ಇತ್ತು. ದುಂಡನೆಯ ಎಲೆ, ಕೈಯಿಂದ ಬರೆದ ಚಿತ್ರ. ದಶಾವತಾರದ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅವತಾರಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಮಿಕ್ಕವು ಒಂದರಿಂದ ಹತ್ತು. ಹಗಲಿನಲ್ಲಿ ಆಡಿದರೆ ರಾಮನ ರಾಜ ಇದ್ದವನು ಮೊದಲು ಇಳಿಯಬೇಕು, ರಾತ್ರಿ ಆಡಿದರೆ ಕೃಷ್ಣನ ರಾಜ ಇದ್ದವನು. ಎಂಥ ಚೆಲುವಾದ ನಿಯಮ! 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿಯವರು ಸಾಹಿತ್ಯ, ಚಿತ್ರಕಲೆಗಳಿಗೂ ಆಟಗಳಿಗೂ ಮನಸ್ಸು ಕೊಟ್ಟರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗದಲ್ಲಿ ಅವರ ಹೊಸ ಹೊಸ ಎಲೆಯಾಟಗಳಿವೆ. 36 ಎಲೆಯಿಂದ ಹಿಡಿದು 360 ಎಲೆಯ ತನಕ! ಈಗಿನ ಭಾಷೆಯಲ್ಲಿ ಹೇಳುವುದಾದರೆ ಮಹಾರಾಜರು ಒಂದರ ಮೇಲೊಂದು ಕಂತು ಬಿಡುಗಡೆ ಮಾಡಿದರು. ಆದರೆ 120 ಎಲೆಯ ದಶಾವತಾರ ಊರೂರಿಗೆ ಹೋದಂತೆ ಆ 360 ಎಲೆಯ ಆಟ ಯಾರ ಮನೆಯ ಜಗಲಿಗೆ ಬಂದದ್ದನ್ನೂ ನಾನು ಕೇಳಿಲ್ಲ. ಅಷ್ಟು ಎಲೆ ಬರೆಸುವ ಹಣ, ಅಷ್ಟು ನಿಯಮ ನೆನಪಿಡುವ ಪುರಸೊತ್ತು, ಎದುರಿಗೆ ಅಂಥದೇ ಮತ್ತೊಬ್ಬ. ಈ ಮೂರೂ ಕೂಡಿ ಬರುವುದು ಅರಮನೆಯಲ್ಲೇ.

ಗಂಜೀಫಾ ಚಿತ್ರ ಮಾತ್ರ ಉಳಿಯಿತು ಅನ್ನಿ. ಮೈಸೂರಿನ ಕಡೆ ರಘುಪತಿ ಭಟ್ಟರು ಆ ಕಲೆಗೆ ಮತ್ತೆ ಜೀವ ಕೊಟ್ಟರು. ನಮ್ಮ ಮಹಾರಾಷ್ಟ್ರದಲ್ಲೇ ಸಾವಂತವಾಡಿಯ ಅರಮನೆಯಲ್ಲಿ ರಾಜಮನೆತನದವರು ಅದನ್ನು ಉಳಿಸಿಕೊಂಡರು. ಕೊಂಡು ಗೋಡೆಗೆ ಹಾಕುವವರು ಬೇಕಾದಷ್ಟು ಮಂದಿ. ಆಡುವವರು?

ಇರಲಿ. ಎದುರಿಗೆ ಆಡುವವನು ಇಲ್ಲದ ಮೇಲೆ ಆ ಸ್ಥಾನಕ್ಕೆ ನನ್ನ ನೇಮಕವಾಯಿತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ! ಎಲ್ಲ ನಿಯಮ ಹೇಳಿ ತಮ್ಮನ್ನು ದಣಿಸುವುದಿಲ್ಲ. ಕೈಯಲ್ಲಿ ಏಳು ಎಲೆ, ಪಕ್ಕಕ್ಕೆ ಆರು 'ಬಹುಮಾನ'ದ ಎಲೆ. ಎದುರಾಳಿಯ ಪ್ರಾಣಿಯನ್ನು ಕೆಡವಿದಾಗೆಲ್ಲ ಒಂದು ಬಹುಮಾನ ಎತ್ತಿಕೊಳ್ಳಬೇಕು, ಆರೂ ಎತ್ತಿದವನು ಗೆದ್ದ. ಇಷ್ಟು ಕಲಿತ ಮೇಲೆ ನಾನೊಂದು ಉಪಾಯ ಹೇಳಿದೆ.

"ತಮ್ಮಾ, ಆ ನಿನ್ನ ಎಲಿ ಬರೋತನಕ ಯಾಕ ಕಾಯಬೇಕು? ಅದರ ಮ್ಯಾಲೆ ಏನು ಬರದದ ಅನ್ನೋದು ಗೊತ್ತದಲ್ಲ? ನಾವ ಬರಕೊಳ್ಳೋಣು."

ನಮ್ಮ ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಎಸೆಯುವ ಪದ್ಧತಿ ಇಲ್ಲ. ಗಟ್ಟಿ ರಟ್ಟು, ಒಂದು ಬದಿ ಖಾಲಿ. ಎಲೆಯ ಅಳತೆಗೆ ಕತ್ತರಿಸಿ ಅದರ ಮೇಲೆ ನಾನೇ ಕನ್ನಡದಲ್ಲಿ ಬರೆದೆ: "ಮೆಗಾ ಚಾರಿಜಾರ್ಡ್ ಎಕ್ಸ್. ಜೀವ 360. ನಿನ್ನ ಪ್ರಾಣಿಗಳಿಂದ ಬೇಕಾದಷ್ಟು ಬೆಂಕಿ ಎಲೆ ಎಸೆ. ಎಸೆದ ಒಂದೊಂದಕ್ಕೆ 90 ಪೆಟ್ಟು." ಮೊಮ್ಮಗ ಕನ್ನಡ ಅಕ್ಷರ ಕೂಡಿಸಿ ಓದುವವನು. 'ಎಸೆ'ಯನ್ನು 'ಎಸಳೆ' ಎಂದ, 'ಪೆಟ್ಟು' ಎಂಬುದಕ್ಕೆ 'ಪೆಟ್ಟಿಗೆ' ಎಂದ. ಆದರೂ ಬಿಡದೆ ಓದಿದ. ಆ ವಾರ ಇನ್ನೂ ಹನ್ನೊಂದು ಚೀಟಿ ಬರೆದೆವು. ಕನ್ನಡ ವರ್ಗಕ್ಕೆ ಹೋಗು ಎಂದರೆ ಹೊಟ್ಟೆನೋವು ಬರುವ ಹುಡುಗ!

ಈ ಲೋಕಕ್ಕೆ ನಮ್ಮ ಮಾತು ಪೂರಾ ಹೊಸದೂ ಅಲ್ಲವೆಂದು ಆಮೇಲೆ ಗೊತ್ತಾಯಿತು. ಮೇಲೆ ಹೇಳಿದ ಮ್ಯಾಜಿಕ್ ಆಟದವರು 2016ರಲ್ಲಿ ಭಾರತದ ಛಾಯೆಯ ಒಂದು ಕಲ್ಪಿತ ನಾಡನ್ನು ಕಟ್ಟಿ 'ಕಲಾದೇಶ' ಎಂದು ಹೆಸರಿಟ್ಟಿದ್ದರು. 2025ರ ಫೆಬ್ರುವರಿಯಲ್ಲಿ ಬಂದ 'ಈಥರ್‌ಡ್ರಿಫ್ಟ್' ಕಂತಿನಲ್ಲಿ ಅದೇ ನಾಡು 'ಆವಿಷ್ಕಾರ್' ಆಗಿ ಬಂತು. ಕನ್ನಡಕ್ಕೂ ಮರಾಠಿಗೂ ಸಮಾನವಾದ ಪದ, ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈಗ ಪರೀಕ್ಷೆಯ ಫಲ. ಎಲೆ ಬರುವ ಮೊದಲೇ ಅದನ್ನು ಚೀಟಿಯಲ್ಲಿ ಆಡಿ ನೋಡುವುದು ನುರಿತ ಆಟಗಾರರೂ ಮಾಡುವ ಕೆಲಸವಂತೆ, ನಮ್ಮದೇ ಬುದ್ಧಿ ಎಂದು ನಾನು ಬೀಗಬೇಕಾಗಿಲ್ಲ. ಅಧಿಕೃತ ಪಂದ್ಯದಲ್ಲಿ ಮಾತ್ರ ಇಂಥ ಚೀಟಿ ನಡೆಯುವುದಿಲ್ಲ. ಮನೆಯ ಚಾಪೆಯ ಮೇಲೆ ಯಾರ ಅಡ್ಡಿ? ಹನ್ನೆರಡು ಆಟ ಆಡಿದೆವು. ಚಾರಿಜಾರ್ಡ್ ಇಳಿದರೆ ಭಯಂಕರವೇ. ನಾಲ್ಕು ಬೆಂಕಿ ಎಲೆ ಎಸೆದರೆ 360 ಪೆಟ್ಟು, 340 ಜೀವದ ನನ್ನ ಮೆಗಾ ಲುಕಾರಿಯೋ ಒಂದೇ ಏಟಿಗೆ ಮಲಗಿತು. ಆದರೆ ಇಳಿಯಬೇಕಲ್ಲ! ಮೊದಲು ಮರಿ, ಆಮೇಲೆ ಅದರ ಅಣ್ಣ, ಮೂರನೆಯ ಮೆಟ್ಟಿಲಿಗೆ ಇದು. ಎಸೆಯಲು ಬೆಂಕಿ ಎಲೆ ಬೇಕು, ಸಾಮಾನ್ಯವಾಗಿ ಒಂದು ಸರದಿಗೆ ಒಂದನ್ನೇ ಹಚ್ಚಬಹುದು. ಎಸೆದ ಮೇಲೆ ಕೈ ಖಾಲಿ, ಮುಂದಿನ ಏಟಿಗೆ ಮತ್ತೆ ಕೂಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, 'ಮೆಗಾ' ಜಾತಿಯ ಎಲೆ ಬಿದ್ದರೆ ಎದುರಾಳಿಗೆ ಒಂದಲ್ಲ, ಮೂರು ಬಹುಮಾನ. ಬಹುಮಾನ ಇರುವುದೇ ಆರು. ಎಂದರೆ ಎರಡು ಮೆಗಾ ಬಿದ್ದರೆ ಆಟವೇ ಮುಗಿಯಿತು. ಹನ್ನೆರಡರಲ್ಲಿ ಎಂಟು ಆಟ ಹುಡುಗ ಸೋತ. ಅಜ್ಜನ ಕೈಯಲ್ಲಿ!

"ಅಜ್ಜಾ," ಎಂದ ಕೊನೆಗೆ, "ಇದಕ್ಕ ಬೆಂಕಿ ವಾಪಸ್ ತರೋ ಬ್ಯಾರೆ ಎಲಿ ಬೇಕು. ನನ್ನ ಹತ್ರ ಅವಿಲ್ಲ. ಇದೊಂದ ತೊಗೊಂಡ್ರ ಉಪಯೋಗಿಲ್ಲ."

ಹತ್ತು ವರ್ಷದ ಹುಡುಗ ಪ್ರಿವ್ಯೂದ ಚಿತ್ರವನ್ನು ದಾಟಿ ಅಕ್ಷರದ ತನಕ ಬಂದಿದ್ದ. ನಾನು ಏನೂ ಹೇಳಲಿಲ್ಲ. ಅವರೇಕಾಳಿನ ಹುಳಿ ಇನ್ನೊಂದು ಸೌಟು ಹಾಕಿಸಿಕೊಂಡೆ.

ಇದರಿಂದ ಇನ್ನೊಂದು ಕೆಲಸವಾಯಿತು, ನಾನು ಎಣಿಸಿರಲಿಲ್ಲ. ದೀಪಾವಳಿಯ ಫರಾಳದ ತಟ್ಟೆ ಕೊಡಲು ನಮ್ಮ ಮನೆಯವರು ಮೊಮ್ಮಗನನ್ನೇ ಕೆಳಗಿನ ಮನೆಗೆ ಕಳಿಸಿದರು. ಚಕ್ಕುಲಿಯ ಜೊತೆ ಅವನು ತಾನಾಗಿಯೇ ಹತ್ತು ಖಾಲಿ ರಟ್ಟಿನ ಚೀಟಿಗಳನ್ನೂ ಒಯ್ದ. ಬಾಗಿಲಲ್ಲಿ ಏನು ಮಾತಾಯಿತೋ ತಿಳಿಯದು, ಕ್ಷಮೆ ಕೇಳಿದನೋ ಇಲ್ಲವೋ ಅದೂ ತಿಳಿಯದು. ಅರ್ಧ ತಾಸಿನ ಮೇಲೆ ಇಬ್ಬರೂ ಮೇಲೆ ಬಂದು ಚಾಪೆಯ ಮೇಲೆ ಕುಳಿತಿದ್ದರು. ಕೆಳಗಿನ ಹುಡುಗ ತನ್ನ ಚೀಟಿಗಳನ್ನು ಮರಾಠಿಯಲ್ಲಿ ಬರೆದುಕೊಂಡ. ಅವನ ಬಂಗಾರದ ಎಲೆಗಳ ಮಾತು ಯಾರೂ ಎತ್ತಲಿಲ್ಲ. ರಟ್ಟಿನಲ್ಲಿ ಅಸಲಿ ನಕಲಿ ಎಂಬುದೇ ಇಲ್ಲವಲ್ಲ. ಮೊದಲ ಆಟ ಅವನೇ ಗೆದ್ದ. ಲೆಕ್ಕದ ಮನೆಯ ಹುಡುಗ, ಪೆಟ್ಟು ಕೂಡಿಸುವುದರಲ್ಲಿ ನಮ್ಮವನಿಗಿಂತ ಚುರುಕು.

ನವೆಂಬರ್ 14 ಬಂತು, ಹೋಯಿತು. ಮಾತು ಕೊಟ್ಟಿದ್ದರಿಂದ ನಾನು ಪೊಟ್ಟಣ ಕೊಡಿಸಿದೆ. ಒಂದಲ್ಲ, ಎರಡು, ಇಬ್ಬರಿಗೂ ಒಂದೊಂದು. ಪೊಟ್ಟಣಕ್ಕೆ ಹತ್ತು ಎಲೆ. ಎರಡರಲ್ಲೂ ಚಾರಿಜಾರ್ಡ್ ಇರಲಿಲ್ಲ. ನಮ್ಮವನ ಮುಖ ಒಂದು ಗಳಿಗೆ ಸಣ್ಣದಾಯಿತು, ಸುಳ್ಳೇಕೆ ಹೇಳಲಿ. ಬೇಕೇ ಬೇಕಾದ ಎಲೆ ಇದ್ದರೆ ಪೊಟ್ಟಣದ ಅದೃಷ್ಟ ನಂಬದೆ ಆ ಒಂದು ಸಾದಾ ಎಲೆಯನ್ನೇ ಬಿಡಿಯಾಗಿ ಕೊಳ್ಳುವುದು ಮೇಲು. ಅದನ್ನೂ ಬಿಡುಗಡೆಯ ಗದ್ದಲ ಇಳಿದ ಮೇಲೆ ಕೊಳ್ಳಬೇಕು, ಹೆಚ್ಚಾಗಿ ಬೆಲೆಯೂ ಆಗ ಇಳಿಯುತ್ತದೆ. ಇದು ನಾನು ಆ ದಿನ ಕಲಿತ ಪಾಠ, ಮಾರ್ಕೆಟ್ ಯಾರ್ಡಿನ ಮಾವಿನಹಣ್ಣಿನ ವಿಷಯದಲ್ಲಿ ಮೂವತ್ತು ವರ್ಷದಿಂದ ಗೊತ್ತಿದ್ದದ್ದೇ.

ಅಂದಿನಿಂದ ಯಾವ ಹೊಸ ಕಂತಿನ ಸುದ್ದಿ ಬಂದರೂ ನಮ್ಮ ಮನೆಯಲ್ಲಿ ಮೊದಲು ಕತ್ತರಿ ಹೊರಗೆ ಬರುತ್ತದೆ. ಕಷ್ಟವೆಂದರೆ ನಮ್ಮ ಲಗ್ನಪತ್ರಿಕೆಗಳ ದಾಸ್ತಾನು ಮುಗಿಯುತ್ತ ಬಂದಿದೆ. ಈಗ ಎಲ್ಲರೂ ಆಮಂತ್ರಣವನ್ನು ಮೊಬೈಲಿನಲ್ಲೇ ಕಳಿಸಿಬಿಡುತ್ತಾರೆ, ಅದನ್ನು ಕತ್ತರಿಸುವುದು ಹೇಗೆ? ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ತಮ್ಮ ಮನೆಯಲ್ಲಿ ಹಳೆಯ ಲಗ್ನಪತ್ರಿಕೆ, ಮುಂಜಿವೆಯ ಪತ್ರಿಕೆ, ಗೃಹಪ್ರವೇಶದ್ದು, ಯಾವುದಿದ್ದರೂ ರದ್ದಿಗೆ ಹಾಕಬೇಡಿ. ಮುಂದಿನ ತಿಂಗಳ ಸಭೆಗೆ ಬರುವಾಗ ಚೀಲದಲ್ಲಿ ಹಾಕಿಕೊಂಡು ಬನ್ನಿ. ಒಂದು ಬದಿ ಖಾಲಿ ಇರಬೇಕು, ರಟ್ಟು ತುಸು ಗಟ್ಟಿ ಇರಬೇಕು. ಗಣಪತಿಯ ಚಿತ್ರವಿದ್ದರೆ ಅದನ್ನು ಕತ್ತರಿಸಿ ತೆಗೆದುಕೊಡಿ. ನಮ್ಮ ಮನೆಯವರು ಅದರ ಬೆನ್ನಿಗೆ ಚಾರಿಜಾರ್ಡ್ ಬರೆಯಲು ಬಿಡುವುದಿಲ್ಲ.